ಆಳಂದದ ಜಿ-9 ಬಾಳೆಗೆ ಸಿಎ ಕಂಟೇನರ್: ಒಳಗಿನ ಗಾಳಿ ಹೆಂಗ ಹಿಡಿದಿಡೋದು, ಎಲ್ಲಿ ತಪ್ಪತದ?

ಆಳಂದ_ಬಾಳೆ

ಎಲ್ಲರಿಗೂ ನಮಸ್ಕಾರ. ನಮ್ಮ ರೈತ ಉತ್ಪಾದಕ ಕಂಪನಿಯಿಂದ ಮೊದಲ ಸಲ ಜಿ-9 (ಗ್ರ್ಯಾಂಡ್ ನೈನ್ ತಳಿ) ಹಸಿ ಬಾಳೆ ಯುರೋಪಿಗೆ ಕಳಿಸೋ ಮಾತು ನಡೆದದ. 40 ಅಡಿ ಹೈಕ್ಯೂಬ್ ರೀಫರ್ (ಎತ್ತರದ, ತಂಪು ಮಾಡೋ ಕಂಟೇನರ್), ಹೆಚ್ಚು ಕಮ್ಮಿ 20 ಟನ್ ಮಾಲು. ಆಳಂದ ಕಡೆ ಪ್ಯಾಕ್‌ಹೌಸ್‌ನಾಗ ತುಂಬಿ ನ್ಹಾವಾ ಶೇವಾ ಬಂದರಿಗೆ ಒಯ್ಯೋದು. ಹಡಗು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಹೋದ್ರ ಬಾಗಿಲು ಹಾಕಿದ್ದು ತೆಗೆಯೋತನ 35–40 ದಿನ ಹಿಡೀತದ, ಅದಕ್ಕ ಸಿಎ (ಕಂಟ್ರೋಲ್ಡ್ ಅಟ್ಮಾಸ್ಫಿಯರ್, ಒಳಗಿನ ಗಾಳಿ ಹಿಡಿತದಾಗ ಇಡೋ) ಕಂಟೇನರ್ರೇ ತಗೋರಿ ಅಂತ ಏಜೆಂಟರು ಹೇಳ್ಯಾರ.

ನಮ್ಮ ಪ್ರಶ್ನೆ ಇಷ್ಟು. ಒಳಗ ಗ್ಯಾಸ್ ನಾವು ತುಂಬಬೇಕೋ, ಮಷೀನೇ ಮಾಡ್ಕೊಂತದೋ? ಆಕ್ಸಿಜನ್ ಎಷ್ಟು, ಕಾರ್ಬನ್ ಡೈಆಕ್ಸೈಡ್ ಎಷ್ಟು ಇಡಬೇಕು? ಫ್ರೆಶ್ ಏರ್ ವೆಂಟ್ (ಹೊರಗಿನ ಗಾಳಿ ಬಿಡೋ ಕಿಂಡಿ) ತೆಗೆದಿಡಬೇಕೋ ಮುಚ್ಚಬೇಕೋ? ಇದರಾಗ ತಿಳಿದವರು ಬಿಡಿಸಿ ಹೇಳ್ರಿ.

ರೀಫರ್_ಕಲಬುರಗಿ

ಅಣ್ಣಾರ, ಮೊದಲು ಒಂದು ಲೆಕ್ಕ ತಲೆಯಲ್ಲಿ ಇಟ್ಕೊಳ್ಳಿ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇ 20.9, ಕಾರ್ಬನ್ ಡೈಆಕ್ಸೈಡ್ (ಸಿಒ2) ಶೇ 0.04, ಉಳಿದದ್ದು ಬಹುತೇಕ ನೈಟ್ರೋಜನ್. ಬಾಳೆಕಾಯಿ ಗೊನೆಯಿಂದ ಕೊಯ್ದ ಮೇಲೂ ಉಸಿರಾಡುತ್ತದೆ. ಎಷ್ಟು ಆಕ್ಸಿಜನ್ ಒಳಗೆಳೆದುಕೊಳ್ಳುತ್ತದೋ ಹತ್ತಿರ ಹತ್ತಿರ ಅಷ್ಟೇ ಸಿಒ2 ಹೊರಗೆ ಬಿಡುತ್ತದೆ. ಹಾಗಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಎರಡೂ ಕೂಡಿದರೆ ಯಾವಾಗಲೂ 21ರ ಆಸುಪಾಸು. ಆಕ್ಸಿಜನ್ 16ಕ್ಕೆ ಇಳಿದಾಗ ಸಿಒ2 5, ಆಕ್ಸಿಜನ್ 5ಕ್ಕೆ ಇಳಿದಾಗ ಸಿಒ2 16.

ಬಾಳೆಗೆ ಬೇಕಾದದ್ದು ಆಕ್ಸಿಜನ್ ಶೇ 2ರಿಂದ 5, ಸಿಒ2 ಶೇ 2ರಿಂದ 5. ಎರಡೂ ಕಡಿಮೆ. ಬರೀ ವೆಂಟ್ ತೆಗೆದು ಮುಚ್ಚಿ ಈ ಜೋಡಿ ಎಂದೂ ಸಿಗುವುದಿಲ್ಲ. ಸಿಒ2ವನ್ನು ಬೇರೆಯಾಗಿ ತೆಗೆಯುವ ಉಪಕರಣ ಬೇಕು, ಇಲ್ಲವೇ ನೈಟ್ರೋಜನ್ ಹರಿಸಿ ಎರಡನ್ನೂ ಹೊರಗೆ ತಳ್ಳಬೇಕು. ಸಿಎ ಕಂಟೇನರ್‌ಗೆ ಹೆಚ್ಚು ದುಡ್ಡು ಕೊಡುವುದು ಈ ಉಪಕರಣಕ್ಕೆ.

ಸೆನ್ಸರ್ ನೋಡಿ ತಾನೇ ವೆಂಟ್ ತೆರೆದು ಮುಚ್ಚುವ ಯಂತ್ರಗಳೂ ಇವೆ, ಅವು ಸಿಎ ಅಲ್ಲ. ಕೆಲವರು ಅದನ್ನೇ ಸಿಎ ಎಂದು ಹೇಳಿ ಬುಕಿಂಗ್ ಮಾಡಿಸುತ್ತಾರೆ. ನಿಮಗೆ ಕೊಡುತ್ತಿರುವುದು ಯಾವುದು, ಬರಹದಲ್ಲಿ ಕೇಳಿ. ನಿಜವಾದ ಸಿಎಯಲ್ಲಿ ಮೂರು ಬಗೆ ಸಾಮಾನ್ಯ. ಕ್ಯಾರಿಯರ್‌ನ ಎವರ್‌ಫ್ರೆಶ್‌ನಲ್ಲಿ ಏರ್ ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಮೆಂಬ್ರೇನ್ (ತೆಳು ಪೊರೆ) ಮೂಲಕ ಹಾಯಿಸಿ ನೈಟ್ರೋಜನ್ ಬೇರ್ಪಡಿಸಿ ಒಳಗೆ ಬಿಡುತ್ತದೆ. ಡೈಕಿನ್‌ನ ಆಕ್ಟಿವ್ ಸಿಎಯಲ್ಲಿ ಅದೇ ನೈಟ್ರೋಜನ್ ಕೆಲಸವನ್ನು ಜಿಯೊಲೈಟ್ ಹರಳು ಮಾಡುತ್ತದೆ. ಸ್ಟಾರ್ ಕೂಲ್ ಸಿಎಯಲ್ಲಿ ನೈಟ್ರೋಜನ್ ತಯಾರಿ ಇಲ್ಲ. ಕಾಯಿ ತಾನೇ ಉಸಿರಾಡಿ ಆಕ್ಸಿಜನ್ ಇಳಿಸಲಿ ಎಂದು ಬಿಡುತ್ತದೆ, ವ್ಯಾಕ್ಯೂಮ್ ಪಂಪು ಮತ್ತು ಸಿಒ2 ಹಾಯಿಸುವ ಮೆಂಬ್ರೇನ್ ಹೆಚ್ಚಾದ ಸಿಒ2 ಎಳೆದು ಹೊರಹಾಕುತ್ತವೆ, ಆಕ್ಸಿಜನ್ ತೀರಾ ಇಳಿದರೆ ಸಣ್ಣ ವಾಲ್ವು ತೆರೆದು ಗಾಳಿ ಬಿಟ್ಟುಕೊಳ್ಳುತ್ತದೆ. ಯಾವುದರಲ್ಲೂ ನೀವು ಗ್ಯಾಸ್ ತುಂಬಬೇಕಾಗಿಲ್ಲ.

ಸೆಟ್ಟಿಂಗ್: ತಾಪಮಾನ 13.5, ಆಕ್ಸಿಜನ್ 4, ಸಿಒ2 4. ಕಂಟೇನರ್‌ನವರು 3 ಮತ್ತು 5 ಎಂದರೂ ಒಪ್ಪಬಹುದು. ತೇವಾಂಶ ಶೇ 90–95 ಇರಲಿ, ಡಿಹ್ಯುಮಿಡಿಫೈ (ತೇವ ತೆಗೆಯುವುದು) ಆಫ್. ವೆಂಟ್ ಪೂರ್ತಿ ಮುಚ್ಚು.

ಕಮಲಾಪುರ_ತೋಟ

ಸಾಹೇಬ್ರ, ಒಂದು ಸಣ್ಣ ಮಾತು ಕೇಳ್ತೀನಿ. ಆಕ್ಸಿಜನ್ ಕಡಿಮೆ ಆದಷ್ಟು ಕಾಯಿ ತಡವಾಗಿ ಹಣ್ಣಾಗ್ತದ ಅಂದ್ರ, 4 ಯಾಕ? 1ಕ್ಕ ಇಳಿಸಿದ್ರ ಇನ್ನೂ ಚಲೋ ಅಲ್ಲೇನ್ರಿ?

ರೀಫರ್_ಕಲಬುರಗಿ

ಇಲ್ರಿ. ಶೇ 1ಕ್ಕಿಂತ ಕೆಳಗೆ ಹೋದರೆ ಕಾಯಿ ಉಸಿರಾಟ ಬಿಟ್ಟು ಹುಳಿಯೋಕೆ ಶುರು ಮಾಡುತ್ತದೆ, ಒಳಗೆ ಆಲ್ಕೋಹಾಲ್ ಕೂಡುತ್ತದೆ. ಆಮೇಲೆ ಎಷ್ಟು ಎಥಿಲೀನ್ (ಕಾಯಿ ಹಣ್ಣು ಮಾಡುವ ಗ್ಯಾಸ್) ಕೊಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ, ಸಿಪ್ಪೆ ಮಂಕು ಹಳದಿ ಇಲ್ಲವೇ ಕಂದು, ಬಾಯಿಗೆ ಹಾಕಿದರೆ ಸಾರಾಯಿ ವಾಸನೆ. ಸಿಒ2 ಶೇ 7 ದಾಟಿದರೂ ಕೇಡು: ಸಿಪ್ಪೆ ಹಸಿರಾಗೇ ಇರುತ್ತದೆ, ಒಳಗಿನ ತಿರುಳು ಮೆತ್ತಗಾಗಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಇದು ಹೆಚ್ಚು ಮೋಸದ್ದು. ಸೆನ್ಸರ್ ಒಂದು ಪಾಯಿಂಟ್ ಅತ್ತಿತ್ತ ತೋರಿಸಿದರೂ ಕಾಯಿ ಉಳಿಯಲಿ ಎಂದೇ 4 ಇಡುವುದು.

ನಿಮ್ಮ ಕಮಲಾಪುರದ ಕೆಂಪು ಬಾಳೆಗೆ ಇನ್ನೊಂದು ಎಚ್ಚರಿಕೆ. ಹಸಿರು ಬಾಳೆಯ ಬಣ್ಣದ ಚಾರ್ಟು ಅದಕ್ಕೆ ಹೊಂದುವುದಿಲ್ಲ, ಕಾಯಿ ಇದ್ದಾಗಲೇ ಸಿಪ್ಪೆ ಕೆಂಪು. ಏಣು ಎಷ್ಟು ತುಂಬಿದೆ, ಕೊಯ್ದು ನೋಡಿದರೆ ತಿರುಳು ಯಾವ ಬಣ್ಣ, ಬೆರಳಿಗೆ ಎಷ್ಟು ಗಟ್ಟಿ ಎಂಬುದರ ಮೇಲೇ ಕೊಯ್ಲು ನಿರ್ಧರಿಸಬೇಕು. ಜಿ-9 ಜೊತೆ ಒಂದೇ ಕಂಟೇನರ್‌ನಲ್ಲಿ ಹಾಕಬೇಡಿ.

ಹುಮನಾಬಾದ್_ಟ್ರೈಲರ್

ವೆಂಟ್ ಪೂರ್ತಿ ಮುಚ್ಚು ಅಂದದ್ದು ನಂಗ ಒಪ್ಪಿಗಿ ಆಗ್ಲಿಲ್ರಿ. ಬಾಳೆ, ಮಾವು ಯಾವ್ದು ಒಯ್ದ್ರೂ ವೆಂಟ್ 25 ಸಿಬಿಎಂ (ತಾಸಿಗೆ 25 ಘನ ಮೀಟರ್ ಗಾಳಿ) ಇಡ್ರಿ ಅಂತಲೇ ಎಲ್ಲಾ ಕಡಿ ಹೇಳ್ತಾರ. ಮುಚ್ಚಿದ್ರ ಒಳಗ ಗ್ಯಾಸ್ ಕೂಡಿ ಕಾಯಿ ಹಣ್ಣಾಗ್ತಾವ ಅಂತ.

ರೀಫರ್_ಕಲಬುರಗಿ

ಸಾದಾ ರೀಫರ್‌ಗೆ ನೀವು ಹೇಳಿದ್ದು ಸರಿ. ಸಿಎಗೆ ಅದೇ ತಪ್ಪು. ಲೆಕ್ಕ ಹಾಕಿ ತೋರಿಸುತ್ತೇನೆ.

13–14 ಡಿಗ್ರಿಯಲ್ಲಿ ಹಸಿ ಬಾಳೆ ಒಂದು ಕಿಲೋಗೆ ಗಂಟೆಗೆ ಸುಮಾರು 10 ಮಿಲಿಲೀಟರ್ ಸಿಒ2 ಬಿಡುತ್ತದೆ ಎಂದಿಟ್ಟುಕೊಳ್ಳಿ. 20 ಟನ್‌ಗೆ ಗಂಟೆಗೆ 200 ಲೀಟರ್. ಕಂಟೇನರ್ ಒಳಗಿನ ಜಾಗ ಸುಮಾರು 67 ಘನ ಮೀಟರ್. ಕಾಯಿ, ರಟ್ಟಿನ ಪೆಟ್ಟಿಗೆ ಕಳೆದರೆ ಗಾಳಿಗೆ ಉಳಿಯುವುದು ಸುಮಾರು 44 ಘನ ಮೀಟರ್. ಅಂದರೆ ಗಂಟೆಗೆ ಆಕ್ಸಿಜನ್ ಶೇ 0.45ರಷ್ಟು ಇಳಿಯುತ್ತದೆ. 21ರಿಂದ 5ಕ್ಕೆ ಬರಲು 35 ಗಂಟೆ. ಆಕ್ಸಿಜನ್ ಇಳಿದಂತೆ ಉಸಿರಾಟವೂ ನಿಧಾನವಾಗುವುದರಿಂದ ಎರಡು ದಿನ ಎಂದು ಹಿಡಿಯಿರಿ.

ಈಗ ವೆಂಟ್ 25 ಸಿಬಿಎಂ ತೆಗೆಯಿರಿ. ಗಂಟೆಗೆ 25 ಘನ ಮೀಟರ್ ಹೊಸ ಗಾಳಿ ಒಳಗೆ ಬರುತ್ತದೆ, ಕಾಯಿ ಬಿಡುವುದು 0.2 ಘನ ಮೀಟರ್ ಸಿಒ2. ಒಳಗೆ ಸಿಒ2 ಶೇ 0.8ಕ್ಕೆ ನಿಲ್ಲುತ್ತದೆ, ಆಕ್ಸಿಜನ್ ಶೇ 20ಕ್ಕೆ. ನೈಟ್ರೋಜನ್ ಮಷೀನ್ 40 ದಿನ ಓಡಿದರೂ ಈ ಗಾಳಿಯ ಮುಂದೆ ನಿಲ್ಲುವುದಿಲ್ಲ. ಸಿಎ ದುಡ್ಡು ಕೊಟ್ಟು ಸಾದಾ ರೀಫರ್ ಕಳಿಸಿದಂತೆ.

ಸೋರಿಕೆಯ ಲೆಕ್ಕ ಇದಕ್ಕಿಂತ ಬಿಗಿ. ಆಕ್ಸಿಜನ್ 4ರಲ್ಲಿ ನಿಲ್ಲಬೇಕಾದರೆ ಕಾಯಿ ತಿನ್ನುವಷ್ಟೇ ಆಕ್ಸಿಜನ್ ಒಳಗೆ ಬರಬೇಕು. ಸಿಎಯಲ್ಲಿ ಉಸಿರಾಟ ಅರ್ಧಕ್ಕೆ ಬಂತು ಎಂದರೆ ಗಂಟೆಗೆ 100 ಲೀಟರ್ ಆಕ್ಸಿಜನ್, ಹೊರಗಿನ ಗಾಳಿಯ ಲೆಕ್ಕದಲ್ಲಿ ಸುಮಾರು 0.6 ಘನ ಮೀಟರ್. ನಿಮಿಷಕ್ಕೆ 10 ಲೀಟರ್. ಒಂದು ಸಣ್ಣ ಕೊಡದಷ್ಟು ಗಾಳಿ! ಬಾಗಿಲ ರಬ್ಬರ್, ಡ್ರೇನು, ವೆಂಟಿನ ಮುಚ್ಚಳ ಎಲ್ಲ ಸೇರಿ ಇದಕ್ಕಿಂತ ಹೆಚ್ಚು ಸೋರಿದರೆ ಸ್ಟಾರ್ ಕೂಲ್ ಬಗೆಯದರಲ್ಲಿ ಆಕ್ಸಿಜನ್ 4ಕ್ಕೆ ಇಳಿಯುವುದೇ ಇಲ್ಲ. ನೈಟ್ರೋಜನ್ ಬಗೆಯದು ಸ್ವಲ್ಪ ತಡೆದುಕೊಳ್ಳುತ್ತದೆ, ಆದರೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ.

ಅರ್ಧ ತುಂಬಿದ ಕಂಟೇನರ್ ಇನ್ನೂ ಕಷ್ಟ. 10 ಟನ್ ಹಾಕಿದರೆ ಉಸಿರಾಡುವ ಕಾಯಿ ಅರ್ಧ, ಖಾಲಿ ಗಾಳಿ 55 ಘನ ಮೀಟರ್. ಇಳಿಯಲು ನಾಲ್ಕು ದಿನದ ಹತ್ತಿರ ಬೇಕು, ಸೋರಿಕೆ ಮಾತ್ರ ಅಷ್ಟೇ ಇರುತ್ತದೆ.

ಹುಮನಾಬಾದ್_ಟ್ರೈಲರ್

ಲೆಕ್ಕ ನೋಡಿದ ಮ್ಯಾಲ ತಿಳೀತ್ರಿ. ಸಾದಾ ರೀಫರ್‌ಗೆ ತೆಗೆದಿಡೋದು, ಸಿಎಗೆ ಮುಚ್ಚೋದು. ನನ್ನ ಮಾತು ವಾಪಸ್ ತಗೊಂಡೆ.

ರಸ್ತೆ ಬಗ್ಗೆ ನಂಗ ಗೊತ್ತಿದ್ದದ್ದು ಹೇಳ್ತೀನಿ. ಆಳಂದದಿಂದ ಉಮರ್ಗಾ ಕಡಿ ಏರಿ 65ನೇ ಹೆದ್ದಾರಿ ಹಿಡಿದು ಸೊಲ್ಲಾಪುರ, ಪುಣೆ, ಆಮ್ಯಾಲ ಘಾಟ್ ಇಳಿದು ಬಂದರು. 500 ಕಿಲೋಮೀಟರ್ ಮ್ಯಾಲ ಕೆಳಗ. ಲೋಡ್ ಟ್ರೈಲರ್ 16ರಿಂದ 20 ತಾಸು ಹಿಡಿಯೋದು ಖರೆ, ಬಂದರಿನ ಗೇಟಿನಾಗ ಸಾಲು ಇದ್ರ ಇನ್ನೂ ಜಾಸ್ತಿ. ಜೆನ್‌ಸೆಟ್ (ರೀಫರ್‌ಗೆ ಕರೆಂಟ್ ಕೊಡೋ ಡೀಸೆಲ್ ಜನರೇಟರ್) ಇಲ್ಲದ ಟ್ರೈಲರ್ ಒಪ್ಪಬ್ಯಾಡ್ರಿ. ಜೆನ್‌ಸೆಟ್ ತಾಸಿಗೆ 2ರಿಂದ 4 ಲೀಟರ್ ಡೀಸೆಲ್ ತಿಂತದ. ಹೊರಡೋಕಿಂತ ಮೊದಲ ಟ್ಯಾಂಕಿನಾಗ 100 ಲೀಟರ್‌ಗೆ ಕಮ್ಮಿ ಇರಬಾರ್ದು. ಡ್ರೈವರ್ ಧಾಬಾದಾಗ ಮಲಗುವಾಗ ಡೀಸೆಲ್ ಉಳಿಸಾಕ ಜೆನ್‌ಸೆಟ್ ಆಫ್ ಮಾಡ್ತಾರ, ಅದೇ ದೊಡ್ಡ ರೋಗ. ಏಪ್ರಿಲ್-ಮೇದಾಗ ನಮ್ಮ ಕಡಿ 42 ಡಿಗ್ರಿ ಬಿಸಿಲು, ನಾಲ್ಕು ತಾಸು ಬಂದ್ ಇದ್ರ ಫ್ಯಾನ್ ತಿರುಗಂಗಿಲ್ಲ, ನಡುವಿನ ಪೆಟಗಿ ತಮ್ಮ ಬಿಸೀನಾಗ ತಾವೇ ಬೇಯ್ತಾವ. ಯೂನಿಟ್‌ನಾಗಿನ ಲಾಗರ್ ಎಲ್ಲಾ ಬರ್ಕೊಂಡಿರ್ತದ, ಬಂದರಿನಾಗ ಅದನ್ನ ಇಳಿಸ್ಕೊಂಡು ನೋಡ್ತೀವಿ ಅಂತ ಬಾಡಿಗಿ ಕಾಗದದಾಗ ಮೊದಲೇ ಬರೆಸ್ರಿ.

ತುಂಬೋ ಜಾಗದಾಗ ಕರೆಂಟ್‌ಗೆ ಮೂರು ಫೇಸ್ 32 ಆಂಪ್‌ದ ರೀಫರ್ ಸಾಕೆಟ್ ಬೇಕು, ನಾಲ್ಕು ಪಿನ್ನಿಂದು. ಸಣ್ಣ ಕೇಬಲ್ ದೂರದಿಂದ ಎಳೆದ್ರ ಕಂಪ್ರೆಸರ್ ಎಬ್ಬೋ ಹೊತ್ತಿಗೆ ವೋಲ್ಟೇಜ್ ಬಿದ್ದು ಟ್ರಿಪ್ ಆಗ್ತದ. ಅಂಥಲ್ಲಿ ಕೇಬಲ್ ಬದಲಿಸೋತನ ಜೆನ್‌ಸೆಟ್ಟೇ ಚಲೋ.

ಪ್ಯಾಕ್‌ಹೌಸ್_ನೋಟ

ಗಾಳಿಯ ಮಾತಿನಲ್ಲಿ ತಂಪಿನ ಮಾತು ಮರೆಯಬಾರದು. ರೀಫರ್ ಇರುವುದು ತಂಪಾದ ಮಾಲನ್ನು ತಂಪಾಗಿಯೇ ಇಡಲು. ಬಿಸಿ ಮಾಲನ್ನು ತಂಪು ಮಾಡುವ ಕೆಲಸ ಅದಕ್ಕೆ ಹೊರೆ.

ಬೇಸಿಗೆಯಲ್ಲಿ ತೋಟದಿಂದ ಬಂದ ಕಾಯಿಯ ತಿರುಳು 35 ಡಿಗ್ರಿ ಇರುತ್ತದೆ. 20 ಟನ್ ಬಾಳೆಯನ್ನು 35ರಿಂದ 13.5ಕ್ಕೆ ಇಳಿಸಬೇಕಾದರೆ ತೆಗೆಯಬೇಕಾದ ಶಾಖ ಸುಮಾರು 430 ಕಿಲೋವ್ಯಾಟ್ ಗಂಟೆ. ಯೂನಿಟ್‌ನ ತಂಪು ಮಾಡುವ ಶಕ್ತಿ 10 ಕಿಲೋವ್ಯಾಟ್ ಆಸುಪಾಸು. ಅದರಲ್ಲೂ ಕಾಯಿಯ ಉಸಿರಾಟದ ಶಾಖ 13.5ರಲ್ಲಿ 1 ಕಿಲೋವ್ಯಾಟ್‌ಗಿಂತ ತುಸು ಹೆಚ್ಚಿದ್ದರೆ 30 ಡಿಗ್ರಿ ದಾಟಿದಾಗ ಮೂರು-ನಾಲ್ಕು ಪಟ್ಟು. ಮೂರು ದಿನವಾದರೂ ನಡುವಿನ ಪೆಟ್ಟಿಗೆಗಳು ಬಿಸಿಯಾಗೇ ಇರುತ್ತವೆ. ಆ ಮೂರು ದಿನದಲ್ಲಿ ಒಂದೆರಡು ಕಾಯಿ ಒಳಗೊಳಗೇ ಹಣ್ಣಾಗಲು ಶುರುಮಾಡಿದರೆ ಅವು ಬಿಡುವ ಎಥಿಲೀನ್ ಉಳಿದವನ್ನೂ ಎಳೆದುಕೊಂಡು ಹೋಗುತ್ತದೆ. ಅಲ್ಲದೆ ಬಿಸಿ ಕಾಯಿ ಸಿಒ2ವನ್ನು ಎಷ್ಟು ಬೇಗ ಬಿಡುತ್ತದೆಂದರೆ ತೆಗೆಯುವ ಮಷೀನ್‌ಗೆ ಹಿಡಿತ ತಪ್ಪುತ್ತದೆ.

ಆದ್ದರಿಂದ ಬೆಳಗಿನ ಜಾವದಲ್ಲಿ ಕೊಯ್ಯಿರಿ. ತೊಳೆಯುವ ನೀರಿಗೆ ಪಟಿಕ ಹಾಕಿ ಸೋನೆ ಇಳಿಸಿ, ತೊಟ್ಟು ಕೊಯ್ದ ಜಾಗ ನುಣುಪಾಗಿರಲಿ, ಹರಿದಂತಿದ್ದರೆ ಅಲ್ಲೇ ಬೂಷ್ಟು ಹತ್ತುತ್ತದೆ. ಶೇ 4ರ ಆಕ್ಸಿಜನ್ ಬೂಷ್ಟನ್ನು ಕೊಲ್ಲುವುದಿಲ್ಲ ಎಂಬುದನ್ನು ನೆನಪಿಡಿ. ಪೆಟ್ಟಿಗೆ ಕಟ್ಟಿದ ಮೇಲೆ ಫೋರ್ಸ್ಡ್ ಏರ್ ಕೋಣೆಯಲ್ಲಿಟ್ಟು ಪೆಟ್ಟಿಗೆಯ ತೂತುಗಳ ಮೂಲಕ ಗಾಳಿ ಎಳೆಸಿ, ನಡುವಿನ ಪೆಟ್ಟಿಗೆಯ ತಿರುಳು 14 ತೋರಿಸುವವರೆಗೆ. ಥರ್ಮಾಮೀಟರ್ ಕಾಯಿಯೊಳಗೆ ಚುಚ್ಚಿ ನೋಡಬೇಕು, ಕೋಣೆಯ ಗೋಡೆಯ ಮೀಟರ್ ನೋಡಿ ಹೇಳಬಾರದು.

13ಕ್ಕಿಂತ ಕೆಳಗೂ ಇಳಿಸಬೇಡಿ. ತಂಪಿನ ಪೆಟ್ಟು ಬಿದ್ದಿದೆಯೇ ನೋಡಲು ಸಿಪ್ಪೆಯ ಹೊರ ಪದರವನ್ನು ಚಾಕುವಿನಿಂದ ತೆಳ್ಳಗೆ ಕೆತ್ತಿ. ಒಳಗಿನ ನಾರಿನ ಗೆರೆಗಳು ಕಂದಾಗಿದ್ದರೆ ಪೆಟ್ಟು ಬಿದ್ದಿದೆ. ಆ ಕಾಯಿ ಹಣ್ಣಾದರೂ ಹೊಳಪು ಬರುವುದಿಲ್ಲ, ಬೂದಿ ಮುಚ್ಚಿದ ಹಳದಿ.

ಪ್ಯಾಕ್‌ಹೌಸ್_ನೋಟ

ತುಂಬುವ ಬಗ್ಗೆ ಬರೆಯುವುದು ಉಳಿದಿತ್ತು. ರೀಫರ್‌ನಲ್ಲಿ ತಣ್ಣನೆ ಗಾಳಿ ಕೆಳಗಿನ ಟಿ ಆಕಾರದ ಹಳಿಗಳ ನೆಲದಿಂದ ಮೇಲೇಳುತ್ತದೆ, ಮೇಲಿನಿಂದ ವಾಪಸ್ ಯೂನಿಟ್‌ಗೆ ಹೋಗುತ್ತದೆ. ಗಾಳಿ ಸಲೀಸಾದ ದಾರಿ ಹುಡುಕುತ್ತದೆ. ಬಾಗಿಲ ಬಳಿ ಒಂದು ಅಡಿ ನೆಲ ಖಾಲಿ ಬಿಟ್ಟರೆ ಅಲ್ಲಿಂದಲೇ ಎದ್ದು ಹೋಗುತ್ತದೆ, ಪೆಟ್ಟಿಗೆಯೊಳಗೆ ಹೋಗುವುದೇ ಇಲ್ಲ. ಖಾಲಿ ಉಳಿದ ನೆಲವನ್ನು ದಪ್ಪ ರಟ್ಟಿನಿಂದ ಮುಚ್ಚಿ, ರಟ್ಟಿನ ತುದಿಯನ್ನು ಪೆಟ್ಟಿಗೆಗಳ ಕಡೆ ಮೇಲಕ್ಕೆ ಮಡಚಿ ಅಂಟಿಸಿ. ಪೆಟ್ಟಿಗೆಯ ತಳದ ತೂತು, ಮೇಲಿನ ತೂತು ಒಂದರ ಮೇಲೊಂದು ಕೂಡಬೇಕು, ಮೂಲೆಗೆ ಮೂಲೆ ಸರಿಯಾಗಿ ನಿಲ್ಲಿಸಿ, ಇಟ್ಟಿಗೆ ಕಟ್ಟಿದಂತೆ ಅಡ್ಡ ಅಡ್ಡ ಇಡಬೇಡಿ. ಗೋಡೆಯ ಮೇಲಿನ ಕೆಂಪು ಗೆರೆ ದಾಟಿ ಒಂದು ಪೆಟ್ಟಿಗೆಯೂ ಹೋಗಬಾರದು.

ಒಳಗಿನ ಪಾಲಿಥೀನ್ ಹಾಳೆ ತೂತಿನದೇ ಇರಲಿ. ಗಾಳಿ ತೆಗೆದು ಬಾಯಿ ಕಟ್ಟುವ ಚೀಲ ಸಾದಾ ರೀಫರ್‌ಗೆ ಸರಿ, ಅದು ಚೀಲದೊಳಗೇ ಒಂದು ಸಣ್ಣ ವಾತಾವರಣ ಮಾಡಿಕೊಳ್ಳುತ್ತದೆ. ಅದನ್ನೇ ಸಿಎಯೊಳಗೆ ಹಾಕಿದರೆ ಹೊರಗೆ ಆಕ್ಸಿಜನ್ 4 ಇದ್ದಾಗ ಚೀಲದೊಳಗೆ ಅದಕ್ಕಿಂತ ಕಡಿಮೆ, ಸಿಒ2 ಹೆಚ್ಚು. ಮಷೀನಿನ ಸೆನ್ಸರ್‌ಗೆ ಇದು ಕಾಣುವುದೇ ಇಲ್ಲ.

ತುಂಬುವಾಗ ಯೂನಿಟ್ ಆಫ್ ಇರಲಿ. ಬಾಗಿಲು ತೆರೆದು ಯೂನಿಟ್ ಓಡಿಸಿದರೆ ಹೊರಗಿನ ಬಿಸಿ ತೇವದ ಗಾಳಿ ಒಳಗೆಳೆದು ತಂಪಿನ ಕಾಯಿಲ್ (ಕೊಳವೆ ಸುರುಳಿ) ಮೇಲೆ ನೀರು, ಮಂಜು ಕಟ್ಟುತ್ತದೆ.

ಬೀದರ್_ಮಾವು_ಶುಂಠಿ

ಸರ್, ಬೀದರ್ ಕಡೆಯಿಂದ ಕೇಸರ್ ಮಾವು ಮತ್ತು ಶುಂಠಿ ಎರಡೂ 13 ಡಿಗ್ರಿಗೇ ಇಡುವುದು. ಒಂದೇ ಸಿಎ ಕಂಟೇನರ್‌ನಲ್ಲಿ ಎರಡನ್ನೂ ಹಾಕಬಹುದೇ? ಮಾವಿಗೆ ಗಾಳಿ ಎಷ್ಟಿರಬೇಕು?

ರೀಫರ್_ಕಲಬುರಗಿ

ಹಾಕಬೇಡಿ. ತಾಪಮಾನ ಒಂದೇ ಆದಮಾತ್ರಕ್ಕೆ ಜೊತೆಗಾರರಾಗುವುದಿಲ್ಲ. ಶುಂಠಿಗೆ ಸಿಎಯಿಂದ ಹೇಳಿಕೊಳ್ಳುವ ಲಾಭವೇ ಇಲ್ಲ. ಅದಕ್ಕೆ ಬೇಕಾದದ್ದು ಚೆನ್ನಾಗಿ ಒಣಗಿದ ಸಿಪ್ಪೆ ಮತ್ತು ಗಾಳಿಯಾಟ, ಸಾದಾ ರೀಫರ್ ಸಾಕು. ಮಾವಿನ ಜೊತೆ ಮುಚ್ಚಿಟ್ಟರೆ ಮೊಳಕೆ, ಬೂಷ್ಟು, ಮೇಲೆ ಮಾವಿಗೆ ಶುಂಠಿ ವಾಸನೆ.

ಮಾವಿಗೆ ಆಕ್ಸಿಜನ್ 3ರಿಂದ 5, ಸಿಒ2 5ರಿಂದ 8, ತಾಪಮಾನ 13. ಆಕ್ಸಿಜನ್ 2ಕ್ಕಿಂತ ಕೆಳಗೆ ಅಥವಾ ಸಿಒ2 8ಕ್ಕಿಂತ ಮೇಲೆ ಹೋದರೆ ಸಿಪ್ಪೆ ಬಣ್ಣಗೆಡುತ್ತದೆ, ತಿರುಳು ಬೂದು ಬಣ್ಣಕ್ಕೆ ತಿರುಗಿ ಕೆಟ್ಟ ರುಚಿ ಬರುತ್ತದೆ. ನೊಣದ ಕಾಟಕ್ಕೆ ಬಿಸಿನೀರಿನ ಉಪಚಾರ ಮಾಡಿದ ಹಣ್ಣಾದರೆ ಅದು ಪೂರ್ತಿ ತಣ್ಣಗಾಗಿ ಮೈಮೇಲಿನ ನೀರು ಆರಿದ ಮೇಲೇ ಪೆಟ್ಟಿಗೆಗೆ. ಹಣ್ಣಾಗಲು ಶುರುವಾದ ಮಾವಿಗೆ ಸಿಎ ಕೊಟ್ಟು ಪ್ರಯೋಜನವಿಲ್ಲ, ಬಲಿತ ಗಟ್ಟಿ ಕಾಯಿಗೆ ಮಾತ್ರ.

ಇನ್ನೂ ಒಂದು ಮಾತು, ಎಲ್ಲರಿಗೂ. ದುಬೈ ಕಡೆಗೆ ಹಡಗು ವಾರದೊಳಗೆ ಮುಟ್ಟುತ್ತದೆ. ಅಷ್ಟಕ್ಕೆ ಬಾಳೆಗೂ ಮಾವಿಗೂ ಸಿಎ ಬೇಡ. ಚೆನ್ನಾಗಿ ತಂಪು ಮಾಡಿ ಸಾದಾ ರೀಫರ್‌ನಲ್ಲಿ ವೆಂಟ್ ತೆರೆದು ಕಳಿಸಿ, ಉಳಿದ ದುಡ್ಡನ್ನು ಪ್ರೀಕೂಲಿಂಗ್‌ಗೆ ಹಾಕಿ.

ಯಾದಗಿರಿ_ಗೋದಾಮು

ಒಂದು ಉಪಾಯ ಹೇಳ್ತೀನ್ರಿ, ಸರಿ ಅದನೋ ಇಲ್ಲೋ ನೋಡ್ರಿ. ಸಾದಾ ಹಳೇ ರೀಫರ್ ತಗೊಂಡು, ಪೇಟೆಯಿಂದ ನೈಟ್ರೋಜನ್ ಸಿಲಿಂಡರ್ ತಂದು ನಾವೇ ತುಂಬಿದ್ರ ಸಿಎ ಆಗಂಗಿಲ್ಲೇನು? ಗೋದಾಮಿನ ಅಂಗಳದಾಗ ಹದಿನೈದು ದಿನ ಮಾಲು ಹಿಡಿದಿಡಾಕ.

ರೀಫರ್_ಕಲಬುರಗಿ

ಲೆಕ್ಕ ಮಾಡಿ. 44 ಘನ ಮೀಟರ್ ಗಾಳಿಯನ್ನು ನೈಟ್ರೋಜನ್ ಬಿಟ್ಟು ಬೆರೆಸುತ್ತಾ 21ರಿಂದ 5ಕ್ಕೆ ಇಳಿಸಲು ಸುಮಾರು 63 ಘನ ಮೀಟರ್ ನೈಟ್ರೋಜನ್ ಬೇಕು. 7 ಘನ ಮೀಟರಿನ ಸಿಲಿಂಡರ್ ಆದರೆ 9. ಅದು ಒಂದೇ ಸಲಕ್ಕೆ. ಹಳೇ ರೀಫರ್‌ನ ಬಾಗಿಲ ರಬ್ಬರ್ ಗಂಟೆಗೆ ಎರಡು-ಮೂರು ಘನ ಮೀಟರ್ ಸೋರಿದರೆ ಒಂದೇ ದಿನದಲ್ಲಿ ಗಾಳಿ ಹಳೇ ಸ್ಥಿತಿಯ ಕಡೆಗೆ ವಾಪಸ್. ಸೋರದಿದ್ದರೆ ಇನ್ನೊಂದು ಕಷ್ಟ: ಸಿಒ2 ತೆಗೆಯುವುದಕ್ಕೆ ಏನೂ ಇಲ್ಲ, ಎರಡನೇ ದಿನಕ್ಕೆ 7 ದಾಟುತ್ತದೆ. ಅಳೆಯಲು ಮೀಟರ್ ಇಲ್ಲದೆ ಒಳಗೆ ಏನಾಗುತ್ತಿದೆ ಎಂಬುದೂ ತಿಳಿಯುವುದಿಲ್ಲ.

ಇದನ್ನು ಮಾಡಬೇಡಿ ಎನ್ನಲು ದುಡ್ಡಿನ ಲೆಕ್ಕ ಚಿಕ್ಕ ಕಾರಣ. ದೊಡ್ಡ ಕಾರಣ ಜೀವ. ಅದನ್ನು ಬೇರೆಯಾಗಿ ಬರೆಯುತ್ತೇನೆ, ದಯವಿಟ್ಟು ತುಂಬುವ, ಇಳಿಸುವ ಹಮಾಲರಿಗೂ ಓದಿ ಹೇಳಿ.

ರೀಫರ್_ಕಲಬುರಗಿ

ಶೇ 4 ಆಕ್ಸಿಜನ್ ಇರುವ ಪೆಟ್ಟಿಗೆಯೊಳಗೆ ಮನುಷ್ಯ ಕಾಲಿಟ್ಟರೆ ಉಸಿರು ಕಟ್ಟಿದಂತೆ ಅನ್ನಿಸುವುದಿಲ್ಲ. ಕೆಮ್ಮು ಬರುವುದಿಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಿ ಬೀಳುತ್ತಾರೆ, ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ. ಬಿದ್ದವರನ್ನು ಎಳೆಯಲು ಓಡಿ ಒಳಗೆ ಹೋದವರೂ ಅಲ್ಲೇ ಬೀಳುತ್ತಾರೆ. ಕರವಸ್ತ್ರ ಕಟ್ಟಿಕೊಂಡರೆ, ಸಾದಾ ಮಾಸ್ಕ್ ಹಾಕಿದರೆ ಏನೂ ಉಪಯೋಗವಿಲ್ಲ, ಇಲ್ಲದ ಆಕ್ಸಿಜನ್ನನ್ನು ಮಾಸ್ಕ್ ತಂದುಕೊಡುವುದಿಲ್ಲ.

ತೆಗೆಯುವ ಕ್ರಮ ಹೀಗೆ. ಮೊದಲು ಕಂಟ್ರೋಲರ್‌ನಲ್ಲಿ ಸಿಎ ಆಫ್ ಮಾಡಿ, ವೆಂಟ್ ಪೂರ್ತಿ ತೆರೆದು ಫ್ಯಾನ್ ಓಡುತ್ತಿರಲಿ. ಎರಡೂ ಬಾಗಿಲು ಅಗಲ ತೆರೆದು ಪಕ್ಕಕ್ಕೆ ಸರಿದು ನಿಲ್ಲಿ, ಎದುರಿಗೆ ನಿಲ್ಲಬೇಡಿ. ಕೆಲವು ಕಂಟೇನರ್‌ಗಳಲ್ಲಿ ಬಾಗಿಲ ಒಳಗೆ ಪ್ಲಾಸ್ಟಿಕ್ ಪರದೆ ಇರುತ್ತದೆ. ಬಾಗಿಲು ತೆರೆದಿದ್ದರೂ ಆ ಪರದೆಯ ಹಿಂದೆ ಅದೇ ಸತ್ತ ಗಾಳಿ ನಿಂತಿರುತ್ತದೆ. ಹೊರಗೆ ನಿಂತೇ ಪರದೆಯನ್ನು ಮೇಲಿಂದ ಕೆಳಗೆ ಸೀಳಿ. ಕನಿಷ್ಠ ಅರ್ಧ ಗಂಟೆ ಬಿಡಿ. ಆಮೇಲೆ ಉದ್ದ ಕೋಲಿಗೆ ಆಕ್ಸಿಜನ್ ಮೀಟರ್ ಕಟ್ಟಿ ಒಳಗೆ ಚಾಚಿ ನೋಡಿ, 19.5ಕ್ಕಿಂತ ಕಡಿಮೆ ತೋರಿಸಿದರೆ ಇನ್ನೂ ಕಾಯಿರಿ. ಮೊದಲ ಸಾಲು ಇಳಿಸಿದ ಮೇಲೆ ಒಳಗಿನ ಸಾಲಿನ ಬಳಿ ಮತ್ತೆ ಅಳೆಯಿರಿ. ಇಬ್ಬರಿರಬೇಕು, ಒಬ್ಬರು ಸದಾ ಹೊರಗೆ.

ದಾರಿಯಲ್ಲಿ ತಪಾಸಣೆಗೆ ಯಾರಾದರೂ ಬಾಗಿಲು ತೆಗೆಯಿರಿ ಎಂದರೆ ಡ್ರೈವರ್‌ಗೆ ಇದು ಗೊತ್ತಿರಬೇಕು. ಬಾಗಿಲ ಮೇಲಿನ ಎಚ್ಚರಿಕೆ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಪಕ್ಕದಲ್ಲೇ ಕನ್ನಡ, ಮರಾಠಿ, ಹಿಂದಿಯಲ್ಲಿ ದೊಡ್ಡ ಅಕ್ಷರದ ಚೀಟಿ ಅಂಟಿಸಿ.

ಹುಮನಾಬಾದ್_ಟ್ರೈಲರ್

ಇದನ್ನ ಪ್ರಿಂಟ್ ತೆಗೆದು ಕ್ಯಾಬಿನ್‌ನಾಗ ಹಚ್ಚಿಸ್ತೀನ್ರಿ. ನಮ್ಮ ಹುಡುಗರಿಗೆ ಇದು ಯಾರೂ ಹೇಳಿರಂಗಿಲ್ಲ.

ಯಾದಗಿರಿ_ಗೋದಾಮು

ಸಿಲಿಂಡರ್ ವಿಚಾರ ಬಿಟ್ಟೆ. ತಿಳಿಸಿ ಹೇಳಿದ್ದು ಭಾಳ ಒಳ್ಳೇದಾತು.

ಆಳಂದ_ಬಾಳೆ

ಎಲ್ಲರೂ ಇಷ್ಟು ಬಿಡಿಸಿ ಹೇಳಿದ್ದಕ್ಕ ದೊಡ್ಡ ಉಪಕಾರ. ಖಾಲಿ ಕಂಟೇನರ್ ನಮ್ಮ ಅಂಗಳಕ್ಕ ಬಂದಾಗ ನಾವು ಏನೇನು ನೋಡಿ ತಗೋಬೇಕು? ಸೋರಿಕೆ ಹಿಡಿಯೋದು ಹೆಂಗ?

ರೀಫರ್_ಕಲಬುರಗಿ

ಪಿಟಿಐ (ಪ್ರೀ-ಟ್ರಿಪ್ ಇನ್‌ಸ್ಪೆಕ್ಷನ್, ಕಳಿಸುವ ಮೊದಲಿನ ತಪಾಸಣೆ) ಆದ ಚೀಟಿ ಇದೆಯೇ, ಅದರಲ್ಲಿ ಸಿಎ ಭಾಗದ ಪರೀಕ್ಷೆಯೂ ಆಗಿದೆಯೇ ನೋಡಿ. ಬರೀ ತಂಪಿನ ಪಿಟಿಐ ಮಾಡಿ ಕಳಿಸಿದ್ದರೆ ವಾಪಸ್ ಕೇಳಿ.

ಬಾಗಿಲು ತೆರೆದಿಟ್ಟು ಯೂನಿಟ್ ಆನ್ ಮಾಡಿ ಡಿಸ್‌ಪ್ಲೇಯಲ್ಲಿ ಆಕ್ಸಿಜನ್ ಓದಿ. ಹೊರಗಿನ ಗಾಳಿಯಲ್ಲಿ 20.9 ತೋರಿಸಬೇಕು, ಸಿಒ2 ಸೊನ್ನೆಯ ಹತ್ತಿರ. 19.5 ತೋರಿಸುತ್ತಿದ್ದರೆ ಸೆನ್ಸರ್ ಕ್ಯಾಲಿಬ್ರೇಷನ್ ತಪ್ಪಿದೆ. ಆ ತಪ್ಪನ್ನು ಹೊತ್ತುಕೊಂಡೇ ಅದು 40 ದಿನ ಗಾಳಿ ನಡೆಸುತ್ತದೆ. ಸ್ಯಾಂಪಲ್ ಎಳೆಯುವ ಸಣ್ಣ ಪೈಪಿನ ಫಿಲ್ಟರ್ ಒದ್ದೆಯಾಗಿದ್ದರೆ, ಮಣ್ಣು ಕಟ್ಟಿದ್ದರೆ ಬದಲಿಸಿ. ಆ ಪೈಪಿನಲ್ಲಿ ನೀರು ನಿಂತರೆ ಸೆನ್ಸರ್‌ಗೆ ಹೊಸ ಗಾಳಿ ಮುಟ್ಟುವುದೇ ಇಲ್ಲ, ಡಿಸ್‌ಪ್ಲೇ ಒಂದೇ ಅಂಕಿಯ ಮೇಲೆ ಕೂತುಬಿಡುತ್ತದೆ. ಲಾಗ್‌ನಲ್ಲಿ ಗಂಟೆಗಟ್ಟಲೆ 4.0, 4.0, 4.0 ಎಂದು ಒಂದಿಷ್ಟೂ ಏರಿಳಿತವಿಲ್ಲದೆ ಇದ್ದರೆ ಸಂತೋಷಪಡಬೇಡಿ, ಪೈಪು ನೋಡಿ.

ಸೋರಿಕೆಗೆ: ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಲಿ. ಸಿಎ ಚಾಲೂ ಮಾಡಿರದ ಖಾಲಿ ಕಂಟೇನರ್‌ನಲ್ಲಿ, ಯೂನಿಟ್ ಆಫ್ ಇದ್ದಾಗ, ಹೊರಗೆ ಒಬ್ಬರು ಹಿಡಿಕೆ ಹಿಡಿದು ಕಾದಿರುವಾಗ ಮಾತ್ರ, ಒಂದೆರಡು ನಿಮಿಷ. ಹಗಲು ಹೊತ್ತು ಎಲ್ಲಿಂದ ಬೆಳಕಿನ ಗೆರೆ ಬಂತೋ ಅಲ್ಲಿಂದ ಗಾಳಿಯೂ ಬರುತ್ತದೆ. ಬಾಗಿಲ ರಬ್ಬರ್‌ನ ಕೆಳ ಮೂಲೆಗಳನ್ನು ಬೆರಳಿಂದ ಸವರಿ ನೋಡಿ, ಹರಿಯುವುದು ಅಲ್ಲೇ, ಫೋರ್ಕ್‌ಲಿಫ್ಟ್, ಪ್ಯಾಲೆಟ್ ತಾಗಿ. ಆಮೇಲೆ ಒಂದು ಹಾಳೆ ಕಾಗದವನ್ನು ರಬ್ಬರ್ ನಡುವೆ ಇಟ್ಟು ಬಾಗಿಲು ಬಿಗಿದು ಎಳೆದು ನೋಡಿ, ಸಲೀಸಾಗಿ ಜಾರಿ ಬಂದರೆ ಆ ಜಾಗ ಸಡಿಲ.

ನೆಲದ ನಾಲ್ಕು ಮೂಲೆಯಲ್ಲಿ ಡ್ರೇನ್ ತೂತು ಇರುತ್ತವೆ. ಸಿಎಗೆ ನಾಲ್ಕೂ ಮುಚ್ಚಬೇಕು. ರಬ್ಬರ್ ತುಟಿಯ ಬಗೆಯದಾದರೆ ತುಟಿಯ ನಡುವೆ ಹಳೇ ಮಾಲಿನ ಎಲೆ, ಮಣ್ಣು ಸಿಕ್ಕಿ ಬಾಯಿ ತೆರೆದೇ ಇರುತ್ತದೆ, ತೊಳೆದು ಒತ್ತಿ ನೋಡಿ. ಕಾಯಿಲ್‌ನ ನೀರು ಹೊರಗೆ ಬಿಡುವ ಪೈಪಿನಲ್ಲಿ ಬಾಗಿದ ಟ್ರ್ಯಾಪ್ ಇದ್ದರೆ ಮೊದಲ ದಿನ ಅದು ಒಣಗಿರುತ್ತದೆ. ಒಂದು ಚೊಂಬು ನೀರು ಹೊಯ್ದು ತುಂಬಿಸಿ, ಆ ನೀರೇ ಗಾಳಿಗೆ ಅಡ್ಡ.

ಪರದೆ ಇರುವ ಬಗೆಯದಾದರೆ ಕೊನೆಯ ಸಾಲು ನಿಲ್ಲಿಸಿದ ಮೇಲೆ ಚೌಕಟ್ಟಿನ ಹಳಿಗೆ ಮೇಲಿನಿಂದ ಶುರುಮಾಡಿ ಎರಡೂ ಬದಿ ಇಳಿಸಿ, ಕೊನೆಗೆ ಕೆಳಗೆ. ಮೂಲೆಯಲ್ಲಿ ಸುಕ್ಕು ಬಿಡಬೇಡಿ. ಚೌಕಟ್ಟು ಒದ್ದೆಯಿದ್ದರೆ ಟೇಪು ಹತ್ತುವುದಿಲ್ಲ, ಮೊದಲು ಒರೆಸಿ.

ಮಾಲು ತುಂಬಿ ಚಾಲೂ ಆದ ಮೇಲೆ ಬಂದರು ಮುಟ್ಟುವವರೆಗೆ ಆಕ್ಸಿಜನ್ ಇಳಿಯುತ್ತಾ ಹೋಗಬೇಕು. 18 ಗಂಟೆಯಲ್ಲಿ 21ರಿಂದ 13–14ಕ್ಕೆ ಬಂದಿದ್ದರೆ ಸರಿಯಿದೆ. 18–19ರಲ್ಲೇ ನಿಂತಿದ್ದರೆ ಸೋರುತ್ತಿದೆ. ಹಡಗು ಏರುವ ಮೊದಲೇ ಹೇಳಿ, ಏರಿದ ಮೇಲೆ ಬಾಗಿಲ ಬಳಿ ಯಾರೂ ಹೋಗಲಾರರು.

ಪ್ಯಾಕ್‌ಹೌಸ್_ನೋಟ

ಆ ಕಡೆಯವರಿಗೂ ಒಂದು ಸಾಲು ಬರೆದು ಕಳಿಸಿ ಅಣ್ಣಾರ. ಇಳಿಸಿದ ಮೇಲೆ ಕಾಯಿಗೆ ಹೊರಗಿನ ಗಾಳಿ ಚೆನ್ನಾಗಿ ಆಡಿಸಿದ ಮೇಲೇ ಎಥಿಲೀನ್ ಕೊಡಬೇಕು, 15ರಿಂದ 18 ಡಿಗ್ರಿಯಲ್ಲಿ 100–150 ಪಿಪಿಎಂ, 24ರಿಂದ 48 ಗಂಟೆ. ಆಕ್ಸಿಜನ್ ಕಡಿಮೆ ಇರುವಾಗ ಎಥಿಲೀನ್ ಕೊಟ್ಟರೆ ಕಾಯಿಗೆ ಅದು ನಾಟುವುದಿಲ್ಲ.

ಆಳಂದ_ಬಾಳೆ

ಈಗ ಬುಕಿಂಗ್ ಕಾಗದ ತೆಗೆದು ನೋಡಿದೆ. ತಾಪಮಾನ 13.5 ಅದ. ಸಿಎ ಅಂದಲ್ಲಿ ಹೌದು ಅಂತ ಬರದಾರ, ಆದ್ರ ಆಕ್ಸಿಜನ್, ಸಿಒ2 ಅಂಕಿ ಖಾಲಿ. ವೆಂಟ್ ಅಂದಲ್ಲಿ 25 ಸಿಬಿಎಂ.

ರೀಫರ್_ಕಲಬುರಗಿ

ಅದನ್ನೇ ಮೊದಲು ತಿದ್ದಿಸಿ. ಆಕ್ಸಿಜನ್ 4, ಸಿಒ2 4, ವೆಂಟ್ ಮುಚ್ಚು, ಡ್ರೇನ್ ಮುಚ್ಚು, ಡಿಹ್ಯುಮಿಡಿಫೈ ಆಫ್: ಐದೂ ಬರಹದಲ್ಲಿ ಬರಲಿ. ಡಿಪೋದವರು ಕಂಟೇನರ್ ಸೆಟ್ ಮಾಡುವುದು ಈ ಕಾಗದ ನೋಡಿಯೇ, ನಿಮ್ಮ ಫೋನಿನ ಮಾತು ಕೇಳಿ ಅಲ್ಲ. ತಿದ್ದಿದ ಪ್ರತಿ ಕೈಗೆ ಬಂದ ಮೇಲೇ ಕೊಯ್ಲಿಗೆ ಆಳು ಹಚ್ಚಿ.